ಗೋಬರ್ ಗ್ಯಾಸ್‌ಗೂ ಹೊಟ್ಟೆ ಇದೆ ಸ್ವಾಮಿ!

ನಮಸ್ಕಾರ, ಇವತ್ತು ಹಿಂಡಿ ರೇಟಿನ ಬಗ್ಗೆ ಮಾತಾಡಣ ಅಂತಿದ್ದೆ, ಆದ್ರೆ ಬೆಳಿಗ್ಗೆ ಒಂದು ಕಮೆಂಟ್ ನೋಡಿ ಕಾಫಿ ಗಂಟಲಲ್ಲಿ ಇಳೀಲಿಲ್ಲ. "ಗುರೂ, ಗೋಬರ್ ಗ್ಯಾಸ್ ಎಲ್ಲಾ ಡುಬಾಕು, ನಮ್ಮನೇಲಿ ಆರೇ ತಿಂಗಳಿಗೆ ನಿಂತೋಯ್ತು." ನಿಂತೋಯ್ತಂತೆ! ಅದೇನು ಡಕೋಟಾ ಬಸ್ಸಾ, ತಾನಾಗೇ ನಿಲ್ಲೋಕೆ? ದಿನಾ ಎಷ್ಟು ಸಗಣಿ ಹಾಕ್ತಿದ್ದೆ ಅಂತ ಕೇಳಿದ್ರೆ "ಟೈಮ್ ಸಿಕ್ದಾಗ" ಅಂತಾನೆ. ಹಸುಗೂ ಟೈಮ್ ಸಿಕ್ದಾಗ ಹುಲ್ಲು ಹಾಕ್ತೀಯೇನಪ್ಪಾ?

ನಾನು ಹೇಳೋದಿಷ್ಟೇ, ಅದು ಮಿಷಿನ್ ಅಲ್ಲ, ಕೊಟ್ಟಿಗೇಲಿರೋ ಇನ್ನೊಂದು ಹಸು. ಅದಕ್ಕೂ ಹೊಟ್ಟೆ ಇದೆ. ಹಸು ಹೊಟ್ಟೇಲಿ ಮೀಥೇನ್ ಅನ್ನೋ ಉರಿಯೋ ಗ್ಯಾಸ್ ಮಾಡೋ ಜೀವಾಣುಗಳ ಬಳಗಾನೇ ಗುಂಡಿಯಲ್ಲೂ ಕೆಲಸ ಮಾಡೋದು. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡೋ ಪ್ಲಾಂಟ್‌ಗೆ ದಿನಾ ಹತ್ತತ್ರ 50 ಕೆಜಿ ಸಗಣಿ, ಅಷ್ಟೇ ನೀರು, ಗಂಟಿಲ್ದಂಗೆ ಕದಡಿ ಬಿಡ್ಬೇಕು. ಹಂಗೆ ಬಿಟ್ರೆ ಲೆಕ್ಕದ ಪ್ರಕಾರ 16 ದಿನಕ್ಕೆ ಒಂದು 14.2 ಕೆಜಿ ಸಿಲಿಂಡರ್‌ನಷ್ಟು ಗ್ಯಾಸು, ಮೇಲಿಂದ ಗ್ಯಾಸ್ ಹೋಗಿ ಉಳಿಯೋ ಬಗ್ಗಡ ತೋಟಕ್ಕೆ ಗೊಬ್ಬರ. ನೀನೇನ್ ಮಾಡ್ದೆ, ಕೊಟ್ಟಿಗೆ ತೊಳೆದ ಫಿನಾಯಿಲ್ ನೀರನ್ನ ಸೀದಾ ಗುಂಡಿಗೆ ಬಿಟ್ಟಿರ್ತೀಯ. ಫಿನಾಯಿಲ್ ಕುಡಿದ್ರೆ ಯಾರ ಹೊಟ್ಟೆ ನೆಟ್ಟಗಿರುತ್ತೆ?

"ಚಳಿಗಾಲದಲ್ಲಿ ಗ್ಯಾಸ್ ಕಮ್ಮಿ ಸಾರ್." ಹೌದು ಕಮ್ಮಿ, ಚಳಿಗಾಲದಲ್ಲಿ ನೀನೂ ಎಂಟು ಗಂಟೆಗೇ ಏಳೋದು. "ವಾಸನೆ ಬರುತ್ತೆ." ಹೊರಗೆ ಬರೋ ಬಗ್ಗಡ ಹಸಿ ಸಗಣಿಗಿಂತ ಕಮ್ಮಿ ನಾರುತ್ತೆ, ಮೂಗು ಚೆಕ್ ಮಾಡಿಸ್ಕೋ. "ನಮ್ಮತ್ರ ಇರೋದು ಎರಡೇ ಮಲೆನಾಡು ಗಿಡ್ಡ." ಅದು ಕಷ್ಟ, ಗಿಡ್ಡ ಹಸು, ಸಗಣಿನೂ ಕಮ್ಮಿ, ಒಪ್ತೀನಿ, ಸರಿ ಮುಂದಕ್ಕೆ ಹೋಗಣ.

ಕುಣಿಗಲ್ ತಾಲೂಕಿನ ಪುರ ಅನ್ನೋ ಊರಲ್ಲಿ 1987ರ ಆಸುಪಾಸಲ್ಲೇ ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳು ಸಗಣಿ ಗ್ಯಾಸಿಗೆ ಒಂಚೂರು ಡೀಸೆಲ್ ಸೇರಿಸಿ ಇಂಜಿನ್ ಓಡಿಸಿ ಮನೆಗಳಿಗೆ ಲೈಟು, ಕುಡಿಯೋ ನೀರು ಕೊಟ್ರು. ಸಗಣಿ ತಂದವರಿಗೆ ಕೆಜಿ ಲೆಕ್ಕದಲ್ಲಿ ದುಡ್ಡು, ಬಗ್ಗಡಾನೂ ವಾಪಸ್. ಅಂದ್ರೆ ಗುಂಡಿಗೆ ದಿನಾ ತಿನ್ಸೋಕೆ ಜನ ಇದ್ರು! ನಿಮ್ಮನೇಲಿ ಯಾರು ಕದಡೋದು? ಅಮ್ಮ. ಸಬ್ಸಿಡಿ ಫೋಟೋದಲ್ಲಿ ನಿಂತಿರೋದು ಯಾರು? ನೀನು, ಕೂಲಿಂಗ್ ಗ್ಲಾಸ್ ಹಾಕ್ಕೊಂಡು.

ಅಂದಂಗೆ ನಮ್ಮ ಚಾನೆಲ್‌ಗೂ ಹೊಟ್ಟೆ ಇದೆ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಕೊಟ್ಟಿಗೆ ಟೀ ಶರ್ಟ್ ಎಕ್ಸೆಲ್ ಸೈಜ್ ಮಾತ್ರ ಉಳಿದಿದೆ.

ಎಲ್ಲಿದ್ದೆ? ಹಾಂ, ಆರು ತಿಂಗಳು. ಅದು ತಾನಾಗೇ ನಿಂತಿದ್ದಲ್ಲ ಕಣೋ, ನೀನು ಉಪವಾಸ ಕೆಡವಿ ಸಾಯಿಸ್ದೆ. ಹೊಟ್ಟೆ! ಹೊಟ್ಟೆ ಇದೆ ಅದಕ್ಕೆ! ಇನ್ನೇನೂ ಪಾಯಿಂಟ್ ಬರ್ದಿಲ್ಲ ಇಲ್ಲಿ. ಕಟ್ ಮಾಡೋ, ಹಾಲು ಕರೆಯೋ ಹೊತ್ತಾಯ್ತು.