ಮಿಲ್ನರ್-ಬ್ಯಾರಿ ಗ್ಯಾಂಬಿಟ್: ನಮ್ಮ ಕ್ಲಬ್‌ನ ಒಂದು ಆಟ

ಇದು ನಮ್ಮ ಕ್ಲಬ್‌ನ ಇಬ್ಬರು ಆಡಿದ ಚೆಸ್ ಆಟ. ಓಪನಿಂಗ್, ಅಂದರೆ ಆರಂಭದ ನಡೆಗಳ ಕ್ರಮ: ಫ್ರೆಂಚ್ ಡಿಫೆನ್ಸ್, ಅದರಲ್ಲಿ ಅಡ್ವಾನ್ಸ್ ವೇರಿಯೇಷನ್ ಎಂಬ ಬಗೆ. ಬಿಳಿ ಕಾಲಾಳು ಇ5ರಲ್ಲಿ ನಿಂತಿದೆ (ಮನೆಯ ಹೆಸರಲ್ಲಿ ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು). ಅದಕ್ಕೆ ಆಸರೆ ಡಿ4ರ ಕಾಲಾಳು. ಕಪ್ಪಿನ ಕಣ್ಣೆಲ್ಲ ಆ ಆಸರೆಯ ಮೇಲೇ.

ಬಿಳಿ ಒಂಟೆ ಡಿ3ಗೆ ಬಂತು, ಡಿ4ರಲ್ಲಿ ಕಾಲಾಳುಗಳು ಬದಲಾದವು. ಈಗ ಆ ಕಾಲಾಳು ಸುಮ್ನೆ ಸಿಗುವ ಹಾಗಿದೆ, ಅಲ್ವಾ? ಕಪ್ಪು ಕುದುರೆಯಿಂದ ಹೊಡೆದು, ಬಿಳಿ ಕುದುರೆ ಅದನ್ನು ಹೊಡೆದ ಮೇಲೆ ರಾಣಿಯಿಂದಲೂ ಹೊಡೆಯಿತು ಅಂತಿಟ್ಟುಕೊಳ್ಳಿ. ಬಿಳಿ ಒಂಟೆ ಬಿ5ಗೆ ಸರಿದು ಚೆಕ್ ಕೊಡುತ್ತದೆ. ಒಂಟೆ ಸರಿದ ಕೂಡಲೇ ಡಿ1ರ ರಾಣಿಗೆ ದಾರಿ ತೆರೆದು, ಕಪ್ಪು ರಾಣಿ ಸಿಕ್ಕಿಬಿಡುತ್ತಾಳೆ. ಅದಕ್ಕೇ ಕಪ್ಪು ಮೊದಲು ತನ್ನ ಒಂಟೆಯನ್ನು ಡಿ7ಗೆ ತಂದಿತು. ಎಷ್ಟು ಒಳ್ಳೆಯ ನಡೆ!

ಬಿಳಿ ಆದರೂ ಡಿ4 ಕಾಯಲಿಲ್ಲ, ಕ್ಯಾಸ್ಲಿಂಗ್ ಮಾಡಿತು (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಮೂಲೆಯ ಕಡೆಗೆ ಒಯ್ಯುವುದು). ಇದೇ ಮಿಲ್ನರ್-ಬ್ಯಾರಿ ಗ್ಯಾಂಬಿಟ್. ಗ್ಯಾಂಬಿಟ್ ಅಂದರೆ ಮುಂದಿನ ಲಾಭಕ್ಕಾಗಿ ಆರಂಭದಲ್ಲೇ ಕಾಲಾಳನ್ನು ಬಿಟ್ಟುಕೊಡುವುದು. ಸ್ಟುವರ್ಟ್ ಮಿಲ್ನರ್-ಬ್ಯಾರಿ ಇಂಗ್ಲೆಂಡಿನ ಆಟಗಾರ. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ನರ ಗುಪ್ತಸಂಕೇತ ಒಡೆಯುವ ತಂಡದಲ್ಲಿದ್ದರು. ಹೆಚ್ಚು ಸಿಬ್ಬಂದಿ ಬೇಕೆಂದು 1941ರಲ್ಲಿ ಅಲನ್ ಟ್ಯೂರಿಂಗ್ ಮತ್ತು ಸಂಗಡಿಗರು ಚರ್ಚಿಲ್‌ಗೆ ಬರೆದ ಪತ್ರವನ್ನು ಕೈಯಾರೆ ತಲುಪಿಸಿದವರು ಇವರೇ. ಅಂಥವರ ಹೆಸರು ಒಂದು ಓಪನಿಂಗ್‌ನಲ್ಲಿ ಉಳಿದಿರುವುದು ನನಗೆ ತುಂಬಾ ಇಷ್ಟ.

ಸರಿ, ಆಟಕ್ಕೆ ಬರೋಣ. ಡಿ4ರಲ್ಲಿ ಕುದುರೆಗಳು ಬದಲಾಗಿ, ಕಪ್ಪು ರಾಣಿ ಅಲ್ಲಿ ಕೂತಳು. ಬಿಳಿಯ ಇನ್ನೊಂದು ಕುದುರೆ ಸಿ3ಗೆ ಬಂತು. ಇಲ್ಲಿ ಕಪ್ಪಿನ ಕಡೆ ನಾನಿದ್ದರೆ ಕಾಲಾಳನ್ನು ಎ6ಗೆ ಆಡುತ್ತೇನೆ. ಬಿಳಿ ಕುದುರೆಗೆ ಬಿ5 ಸಿಗುವುದಿಲ್ಲ, ಆಮೇಲೆ ಕಪ್ಪು ಕುದುರೆ ಇ7ರ ಮೂಲಕ ನೆಮ್ಮದಿಯಾಗಿ ಹೊರಬರುತ್ತದೆ. ಈ ಆಟದಲ್ಲಿ ಕಪ್ಪು ರಾಣಿ ಇ5ರ ಕಾಲಾಳನ್ನೂ ತಿಂದಳು. ಬಿಳಿ ಆನೆ ಇ1ಗೆ ಬಂತು, ರಾಣಿ ಬಿ8ಗೆ ಓಡಿದಳು.

ಈಗ ನೋಡಿ: ಬಿಳಿ ಕುದುರೆ ಡಿ5ರ ಕಾಲಾಳನ್ನು ಹೊಡೆಯುತ್ತದೆ! ಇ6ರ ಕಾಲಾಳು ಅದನ್ನು ತಿನ್ನುವ ಹಾಗಿಲ್ಲ. ಅದು ಅಲುಗಿದರೆ ರಾಜ ಆನೆಯ ಎದುರಿಗೆ ಬೀಳುತ್ತಾನೆ. ಕಪ್ಪು ಒಂಟೆ ಡಿ6ಗೆ, ಬಿಳಿ ರಾಣಿ ಜಿ4ಗೆ. ಜಿ7 ಕಾಯಲು ರಾಜ ಎಫ್8ಗೆ ಸರಿದ. ಕ್ಯಾಸ್ಲಿಂಗ್ ಹೋಯಿತು, ಎಚ್8ರ ಆನೆ ಒಳಗೇ ಉಳಿಯಿತು.

ರಾಜ ಸರಿದ ಮೇಲೆ ಇ6ರ ಕಾಲಾಳಿಗೆ ಬಿಡುಗಡೆ, ಇನ್ನು ಕುದುರೆಯನ್ನು ತಿನ್ನಬಹುದು ಅನ್ನಿಸುತ್ತದೆ. ಬಿಳಿ ಮಾತ್ರ ಕುದುರೆಯನ್ನು ಅಲ್ಲೇ ಬಿಟ್ಟು, ಒಂಟೆಯನ್ನು ಡಿ2ಗೆ ಇಟ್ಟಿತು. ಕಪ್ಪು ಆ ಕುದುರೆಯನ್ನು ತಿಂದರೆ ಜಿ4ರಿಂದ ಡಿ7ಕ್ಕೆ ದಾರಿ ತೆರೆಯುತ್ತದೆ, ರಾಣಿ ಅಲ್ಲಿನ ಒಂಟೆಯನ್ನು ಎತ್ತಿಕೊಳ್ಳುತ್ತಾಳೆ.