ನಾವು ಕಾಣದ ಅಜ್ಜ

ಕೇಳುಗರಿಗೆ ನಮಸ್ಕಾರ.

ಮೊಮ್ಮಕ್ಕಳು ಅಜ್ಜನನ್ನು ನೆನೆಯುವಾಗ ಸಾಮಾನ್ಯವಾಗಿ ಮುಪ್ಪಿನ ಅಜ್ಜನನ್ನೇ ನೆನೆಯುತ್ತಾರೆ. ನರೆತ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಕಥೆ ಹೇಳುತ್ತ ಹೇಳುತ್ತಲೇ ತೂಕಡಿಸುವ ಅಭ್ಯಾಸ, ಇವೆಲ್ಲ ನಿಜವೇ. ಆದರೆ ಇವು ಆ ಬಾಳಿನ ಕೊನೆಯ ಭಾಗಕ್ಕೆ ಸೇರಿದವು. ಅವರು ಹುಡುಗರಾಗಿ ಓಡಾಡಿದ್ದು, ಮೊದಲ ಸಂಪಾದನೆಯನ್ನು ತಾಯಿಯ ಕೈಗಿತ್ತದ್ದು, ಯಾರೊಡನೆಯೋ ಮುನಿಸಿಕೊಂಡು ಮನೆ ಬಿಟ್ಟದ್ದು, ಯಾವುದೋ ಆಸೆಯನ್ನು ಒಳಗೇ ಅದುಮಿಟ್ಟದ್ದು, ಇಂಥವೆಲ್ಲ ನಾವು ಹುಟ್ಟುವುದಕ್ಕೆ ಮುಂಚೆಯೇ ನಡೆದುಹೋಗಿರುತ್ತವೆ. ಅಜ್ಜನನ್ನು ನೆನೆಯುವ ಕೆಲಸ ಮೊದಲಾಗಬೇಕಾದದ್ದು ನಾವು ಕಾಣದ ಆ ವರ್ಷಗಳಿಂದಲೇ ಎಂಬುದು ನನ್ನ ಎಣಿಕೆ.

ಹೇಳಿದ್ದನ್ನೇ ಹೇಳುತ್ತಾರೆಂದು ಮನೆಯವರು ನಗುವ ಕಥೆಗಳನ್ನು ಗಮನಿಸಿ ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಹರೆಯದ ಕಾಲದವೇ ಆಗಿರುತ್ತವೆ. ನೆನಪನ್ನು ಕುರಿತು ಅಧ್ಯಯನ ನಡೆಸಿದವರು ಕಂಡುಕೊಂಡದ್ದೂ ಇದನ್ನೇ: ವಯಸ್ಸಾದವರಿಗೆ ಹೆಚ್ಚಾಗಿ ನೆನಪಾಗುವುದು ಸುಮಾರು 10ರಿಂದ 30ರವರೆಗಿನ ಪ್ರಾಯದ ಸಂಗತಿಗಳು. ಬಾಳಿನ ಮೊದಲುಗಳೆಲ್ಲ ಆ ಅವಧಿಯಲ್ಲೇ ಒತ್ತೊತ್ತಾಗಿ ಬರುತ್ತವೆ ಎನ್ನುವುದು ಅದಕ್ಕೆ ಕೊಡುವ ಕಾರಣಗಳಲ್ಲೊಂದು. ಮುದುಕರು ಹಳೆಯದನ್ನು ಮೆಲುಕು ಹಾಕುವುದನ್ನು ಅರಳು ಮರಳೆಂದು ತಳ್ಳಿಹಾಕುವ ಧೋರಣೆ ವೈದ್ಯರಲ್ಲೂ ಇದ್ದ ಕಾಲದಲ್ಲಿ, ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಸಾವು ಸಮೀಪಿಸಿದಾಗ ಮನುಷ್ಯ ತನ್ನ ಬಾಳನ್ನು ಹಿಂತಿರುಗಿ ನೋಡಿ ಅದರ ಲೆಕ್ಕ ಒಪ್ಪಿಸಿಕೊಳ್ಳುವುದು ಸಹಜವಾದ ಕ್ರಿಯೆ ಎಂದು ವಾದಿಸಿದರು. ಆ ಮಾತು ಮನೆಮನೆಗೂ ತಲುಪಿದೆಯೆಂದು ನನಗೇನೂ ಅನ್ನಿಸುವುದಿಲ್ಲ. ಅಜ್ಜ ಬಾಯಿ ತೆರೆದೊಡನೆ ಎದ್ದುಹೋಗುವ ಮೊಮ್ಮಕ್ಕಳು ಈಗಲೂ ಇದ್ದಾರೆ.

ಮನೆತನದ ಸಂಪ್ರದಾಯಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ನಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ, ಆ ದಿನ ನಡೆದ ಒಂದು ಸಂಗತಿಯನ್ನು ಎಲ್ಲರಿಗಿಂತ ಕಿರಿಯರು ಮೊದಲು ಹೇಳಬೇಕು, ಅದು ಮುಗಿಯುವತನಕ ದೊಡ್ಡವರು ನಡುವೆ ಮಾತಾಡಕೂಡದು ಎಂಬ ಕಟ್ಟಳೆಯಿದೆ. ಹಾಕಿದವರು ಅಜ್ಜ. ಏಕೆ ಹಾಕಿದರೆಂದು ವಿಚಾರಿಸಿದರೆ, ತಾವು ಚಿಕ್ಕವರಿದ್ದಾಗ ಹಿರಿಯರೆದುರು ಬಾಯಿ ಬಿಡುವಂತಿರಲಿಲ್ಲವೆಂಬ ಕೊರಗು ಅವರಿಗಿತ್ತೆಂದು ಸೋದರತ್ತೆ ಹೇಳುತ್ತಾರೆ; ಮಾತೇ ಆಡದ ಚಿಕ್ಕಪ್ಪನನ್ನು ಮಾತಿಗೆಳೆಯಲು ಹೂಡಿದ ಉಪಾಯವದು ಎಂದು ಅಪ್ಪ ಹೇಳುತ್ತಾರೆ; ಆ ಚಿಕ್ಕಪ್ಪನಾದರೋ ಎರಡನ್ನೂ ಒಪ್ಪುವುದಿಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್, ಓದಿದ ಕಥೆಯೊಂದನ್ನು ಜನರಿಂದ ಮತ್ತೆ ಮತ್ತೆ ಹೇಳಿಸಿ ನೋಡಿ, ಪ್ರತಿ ಸಲವೂ ಅಪರಿಚಿತ ವಿವರಗಳು ಉದುರಿ, ಹೇಳುವವರಿಗೆ ಒಗ್ಗುವಂತೆ ಕಥೆ ತಿರುಗಿಕೊಳ್ಳುತ್ತದೆಂದು 1932ರಲ್ಲಿ ತೋರಿಸಿಕೊಟ್ಟರು. ನಮ್ಮ ಅಜ್ಜನ ಕಟ್ಟಳೆಗೂ ಹೀಗೇ ಆಗಿರಬಹುದು. ಆದ್ದರಿಂದ ಒಂದು ಕಾರಣವನ್ನು ಗೆಲ್ಲಿಸಿ ಉಳಿದವನ್ನು ಅಳಿಸುವುದಕ್ಕಿಂತ, ಯಾರು ಏನು ಹೇಳಿದರೆಂದು ಹೆಸರು ಸಹಿತ ಬರೆದಿಡುವುದು ಲೇಸು. ಏಕೆಂದರೆ ಆ ಭಿನ್ನಾಭಿಪ್ರಾಯದಲ್ಲಿ, ಅಜ್ಜ ಒಬ್ಬೊಬ್ಬ ಮಕ್ಕಳಿಗೆ ಒಂದೊಂದು ಬಗೆಯ ತಂದೆಯಾಗಿದ್ದರೆಂಬುದೂ ತಿಳಿದುಬರುತ್ತದೆ.

ಹೀಗೆ ಬರೆದಿಡುವಾಗ ಅವರ ಮುಂಗೋಪವನ್ನೂ, ತೀರಿಸಲಾಗದೆ ಹೋದ ಸಾಲವನ್ನೂ, ಅಣ್ಣತಮ್ಮಂದಿರೊಡನೆ ಮಾತು ಬಿಟ್ಟ ವರ್ಷಗಳನ್ನೂ ಬಿಡಬಾರದು. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ಸಂಕೋಚದಿಂದ ಎಷ್ಟೋ ಅಜ್ಜಂದಿರು ಒಂದೇ ಅಚ್ಚಿನಲ್ಲಿ ತೆಗೆದ ಸಜ್ಜನರಾಗಿ ಉಳಿದುಬಿಟ್ಟಿದ್ದಾರೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಅವರು, ಮಕ್ಕಳು ತಾವಾಗಿ ಕಂಡಿರಲಾರದ ಕುಟುಂಬದ ಸಂಗತಿಗಳನ್ನು ಕುರಿತು 20 ಪ್ರಶ್ನೆಗಳನ್ನು ಸಿದ್ಧಪಡಿಸಿದ್ದರು; ಹೆಚ್ಚು ಉತ್ತರ ಬಲ್ಲ ಮಕ್ಕಳಲ್ಲಿ ಆತ್ಮಗೌರವವೂ ಹೆಚ್ಚಾಗಿ ಕಂಡುಬಂದಿತು. ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಆ ಫಲ ಸಿಗುತ್ತದೆಂದು ಇದರ ಅರ್ಥವಲ್ಲ. ಕಥೆ ಹೇಳಲು ಮನೆಯಲ್ಲಿ ಬಿಡುವಿದೆ, ಕೇಳುವವರಿದ್ದಾರೆ ಎಂಬುದೇ ಬಹುಶಃ ಅಲ್ಲಿ ಮುಖ್ಯ.

ಬಾಯಿಂದ ಬಾಯಿಗೆ ಸಾಗುವ ನೆನಪು ಮೂರು ನಾಲ್ಕು ತಲೆಮಾರು, ಅಂದರೆ ಸುಮಾರು 80ರಿಂದ 100 ವರ್ಷ ಮಾತ್ರ ಬಾಳುತ್ತದೆಂದು ಜರ್ಮನಿಯ ವಿದ್ವಾಂಸ ಯಾನ್ ಅಸ್ಮನ್ ಲೆಕ್ಕ ಹಾಕಿದ್ದಾರೆ. ಅಜ್ಜ ಇನ್ನಿಲ್ಲವಾದರೆ ಅವರ ತಂಗಿಯೋ ಜೊತೆಗೆ ದುಡಿದ ಗೆಳೆಯರೋ ಇದ್ದಾರು. ಅವರನ್ನು ಇಂದೇ ಹುಡುಕಿಕೊಂಡು ಹೋಗಬೇಕು. ಅಜ್ಜ ಹೇಗಿದ್ದರೆಂದು ಕೇಳಿದರೆ ಒಳ್ಳೆಯವರಿದ್ದರು ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಅದರ ಬದಲು, ಅವರು ಮಲಗುತ್ತಿದ್ದ ಕೋಣೆಯಲ್ಲಿ ಇನ್ನು ಯಾರು ಮಲಗುತ್ತಿದ್ದರು, ಶಾಲೆ ಬಿಡಿಸಿದವರು ಯಾರು, ಅವರನ್ನು ನಗಿಸುವುದು ಯಾರಿಂದ ಆಗುತ್ತಿತ್ತು ಎಂದು ಕೇಳಿ ನೋಡಿ. ಹಳೆಯ ಭಾವಚಿತ್ರಗಳನ್ನು ಎದುರಿಗಿಟ್ಟರೆ ಇನ್ನೂ ಸುಲಭ. ಅವುಗಳ ಹಿಂದೆ ಹೆಸರುಗಳನ್ನು ಪೆನ್ಸಿಲಿನಲ್ಲಿ ಆಗಲೇ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ಧ್ವನಿಯನ್ನು ಮುದ್ರಿಸಿಕೊಂಡವರು, ಮಾತಾಡಿದವರು ಯಾರು, ಯಾವ ದಿನ ಎಂಬುದನ್ನು ಆರಂಭದಲ್ಲೇ ಹೇಳಿ ಮುದ್ರಿಸಿ, ಬಿಡುವಾದಾಗ ಕಾಗದಕ್ಕೂ ಇಳಿಸಿಕೊಳ್ಳಲಿ.

ನಮಸ್ಕಾರ.