ತುಂಡನ್ನು ಮಗುಚಿ ನೋಡಿ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಮರದ ಜಿಗ್ಸಾ ಪಜಲ್ ಬಗ್ಗೆ. ಅದರಲ್ಲೂ ಗುರು ಗ್ರಹದ ಪಜಲ್. ಯಂತ್ರದಲ್ಲಿ ಒತ್ತಿ ತೆಗೆದದ್ದಲ್ಲ, ಒಂದೊಂದೇ ತುಂಡನ್ನು ಕೈಯಿಂದ ಕೊಯ್ದದ್ದು. ನಾನು ಇವನ್ನು ಕೊಯ್ಯುವವನು. ನಿಮ್ಮಲ್ಲಿ ಯಾರೋ ಒಬ್ಬರು ಇಂಥದ್ದನ್ನು ಅರ್ಧ ಜೋಡಿಸಿ, ಬೇಜಾರಾಗಿ, ಮೇಲೊಂದು ಬಟ್ಟೆ ಮುಚ್ಚಿಟ್ಟಿದ್ದೀರಿ ಅಂತ ನನಗೆ ಗೊತ್ತು. ನಿಮಗಾಗಿ ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ತುಂಡನ್ನು ಮಗುಚಿ ನೋಡಿ. ಅಷ್ಟೇ.

ಜಿಗ್ಸಾ ಶುರುವಾಗಿದ್ದು ಭೂಪಟದಿಂದ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಅನ್ನುವವರು ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದರು. ಮಕ್ಕಳಿಗೆ ಭೂಗೋಳ ಕಲಿಸುವುದಕ್ಕೆ. ಅಲ್ಲಿ ಗಡಿ ಇತ್ತು, ಊರಿನ ಹೆಸರಿತ್ತು, ಸಮುದ್ರವಿತ್ತು. ಗುರುವಿನಲ್ಲಿ ಏನಿದೆ? ಕಾಲಿಡಲು ನೆಲವೇ ಇಲ್ಲ. ಕಾಣುವುದೆಲ್ಲ ಮೋಡ. ಒಂದು ಬಿಳಿ ಪಟ್ಟಿ, ಒಂದು ಕಂದು ಪಟ್ಟಿ, ಮತ್ತೆ ಬಿಳಿ, ಮತ್ತೆ ಕಂದು. ಬಿಳಿ ಪಟ್ಟಿಯ ತುಂಡುಗಳನ್ನು ಸುಮ್ನೆ ರಾಶಿ ಹಾಕಿ ನೋಡಿ. ಎಲ್ಲವೂ ಒಂದೇ ಥರ. ಮೊದಲು ನಾಲ್ಕು ಮೂಲೆ ಹುಡುಕಿ ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ಗ್ರಹಕ್ಕೆ ಎಲ್ಲಿಯ ಮೂಲೆ?

ಹಾಗಾಗಿ ಬಣ್ಣ ನಂಬಬೇಡಿ. ಮರ ನಂಬಿ.

ನಾನು ಕೊಯ್ಯುವ ಹಲಗೆ ಪ್ಲೈವುಡ್. ಐದು ಪದರ, ದಪ್ಪ ಸುಮಾರು 6 ಮಿಲಿಮೀಟರ್. ಒಂದು ಪದರದ ನಾರು ಉದ್ದಕ್ಕೆ ಹೋದರೆ ಮುಂದಿನದು ಅಡ್ಡಕ್ಕೆ. ಅದಕ್ಕೇ ತುಂಡಿನ ಸಣ್ಣ ಕುತ್ತಿಗೆ ಪಟ್ ಅಂತ ಮುರಿಯುವುದಿಲ್ಲ. ಮುಂಬದಿಗೆ ಚಿತ್ರ ಅಂಟಿಸುತ್ತೇನೆ. ಹಿಂಬದಿ ಬರೀ ಮರ. ಆ ಮರದ ಗೆರೆಗಳು ಇಡೀ ಹಲಗೆಯಲ್ಲಿ ಒಂದೇ ದಿಕ್ಕಿಗೆ ಓಡುತ್ತವೆ. ಗುರುವಿನ ಪಟ್ಟಿ ಅಡ್ಡಕ್ಕೆ, ನನ್ನ ಹಲಗೆಯ ಗೆರೆ ಮೇಲಿಂದ ಕೆಳಕ್ಕೆ. ಈಗ ಯಾವುದೇ ತುಂಡು ಎತ್ತಿಕೊಂಡು ಮಗುಚಿ. ಗೆರೆ ಹೇಗೆ ಓಡುತ್ತಿದೆಯೋ ತುಂಡು ಹಾಗೇ ಕೂರಬೇಕು. ಬೇಕಾದರೆ ತಲೆಕೆಳಗಾಗಿರಬಹುದು, ಅದೊಂದೇ ಅನುಮಾನ. ಸುತ್ತಲೂ ತಿರುಗಿಸಿ ತಿರುಗಿಸಿ ನೋಡುವ ಕೆಲಸ ಎರಡೇ ಸಲಕ್ಕೆ ಇಳಿಯಿತು, ಅಲ್ವಾ?

ನನ್ನ ಸ್ನೇಹಿತರೊಬ್ಬರಿದ್ದಾರೆ, ಲೆಕ್ಕದ ಮೇಷ್ಟ್ರು. ಅವರ ಕತೆ ಹೇಳಲೇಬೇಕು. ಅವರಿಗೊಂದು ಗುರು ಕೊಯ್ದು ಕೊಟ್ಟಿದ್ದೆ, ಅಗಲ 30 ಸೆಂಟಿಮೀಟರ್. ನಿಜವಾದ ಗುರು ಪೂರ್ತಿ ಗುಂಡಗಿಲ್ಲ. ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವ ರಭಸಕ್ಕೆ ನಡು ಉಬ್ಬಿದೆ, ಮೇಲೆ ಕೆಳಗೆ ಚಪ್ಪಟೆ. ನಡುವಿನಲ್ಲಿ ಅಡ್ಡಗಲ 1,42,984 ಕಿಲೋಮೀಟರ್. ಧ್ರುವದಿಂದ ಧ್ರುವಕ್ಕೆ ಅಳೆದರೆ ಒಂಬತ್ತು ಸಾವಿರ ಚಿಲ್ಲರೆ ಕಿಲೋಮೀಟರ್ ಕಡಿಮೆ. ಆದ್ದರಿಂದ ನನ್ನ ಪಜಲ್ಲಿನ ಎತ್ತರ 28 ಸೆಂಟಿಮೀಟರ್. ಮೇಷ್ಟ್ರು ಅದನ್ನು ಸರಿಯಾದ ವೃತ್ತ ಅಂತ ಅಂದುಕೊಂಡು ಅಂಚು ಜೋಡಿಸಲು ಕೂತರು. ಅಂಚು ಕೂಡಲಿಲ್ಲ. ಧ್ರುವದ ಹತ್ತಿರದ ತುಂಡಿನ ಬಾಗು ಕಡಿಮೆ, ನಡುವಿನ ತುಂಡಿನ ಬಾಗು ಜಾಸ್ತಿ. ಇವರು ಎರಡನ್ನೂ ಕಲಸಿಬಿಟ್ಟಿದ್ದರು. ನಾನು ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಆಮೇಲೆ ಬಣ್ಣಕ್ಕೊಂದು ಬಟ್ಟಲು ಇಟ್ಟರು. ಬಿಳಿಗೊಂದು, ಕೆನೆಗೊಂದು, ತಿಳಿಗಂದಿಗೊಂದು, ಕಡುಗಂದಿಗೊಂದು. ಕೆನೆ ಯಾವುದು, ಬಿಳಿ ಯಾವುದು ಅಂತ ದೀಪದ ಕೆಳಗೆ ಹಿಡಿದು ಹಿಡಿದು ನೋಡಿದರು. ಸಂಜೆಯಾಯಿತು. ಕೂಡಿದ್ದು ಗುರುವಿನ ಕೆಂಪು ಚುಕ್ಕೆ ಒಂದೇ. ಅದು ದೊಡ್ಡ ಬಿರುಗಾಳಿ, ಭೂಮಿಗಿಂತ ಅಗಲ. ಅದು ಯಾರಿಗಾದರೂ ಕೂಡುತ್ತದೆ ಬಿಡಿ, ಕೆಂಪಗಿರುವುದು ಅದೊಂದೇ.

ಅವರ ಮೇಜು ಗಾಜಿನದು. ಮೊಮ್ಮಗಳು ಅದರ ಕೆಳಗೆ ಅಂಗಾತ ಮಲಗಿ ಆಡುತ್ತಿದ್ದಳು. ಅವಳಿಗೆ ಕಾಣುತ್ತಿದ್ದದ್ದು ಬರೀ ಹಿಂಬದಿ. ಗ್ರಹವೂ ಇಲ್ಲ, ಪಟ್ಟಿಯೂ ಇಲ್ಲ. ಇದ್ದಕ್ಕಿದ್ದ ಹಾಗೆ, “ತಾತ, ಈಗ ಇಟ್ಟಿರಲ್ಲ, ಅದು ಅಡ್ಡ ಇದೆ” ಅಂದಳು. ತಾತ ಕೇಳಿಸದ ಹಾಗೆ ಇದ್ದರು. “ತಾತ, ಬೇರೆ ಎಲ್ಲದರ ಗೆರೆ ನನ್ನ ಕಾಲಿನ ಕಡೆಗೆ ಇದೆ. ಅದರದ್ದು ಬಾಗಿಲ ಕಡೆಗಿದೆ.” ಕಾಲು ಸುತ್ತು ತಿರುಗಿಸಿದರು. ಕಟ್ ಅಂತ ಕೂತಿತು.

ಅಲ್ಲಿಂದ ಬಟ್ಟಲುಗಳೆಲ್ಲ ಬದಿಗೆ ಹೋದವು. ಬಿಳಿ ತುಂಡುಗಳನ್ನೆಲ್ಲ ಮಗುಚಿ, ಗೆರೆ ಒಂದೇ ದಿಕ್ಕಿಗೆ ಬರುವಂತೆ ಸಾಲಾಗಿಟ್ಟರು. ಕೊನೆಗೆ ನನ್ನ ಕಿತಾಪತಿಯ ತುಂಡು ಉಳಿಯಿತು. ಅದೊಂದು ಪುಟ್ಟ ವೃತ್ತ, ಅಡ್ಡಗಲ 2.7 ಸೆಂಟಿಮೀಟರ್. ಅದೇ ಅಳತೆಯಲ್ಲಿ ನಮ್ಮ ಭೂಮಿ ಅಷ್ಟೇ ಇರುತ್ತದೆ, ಅದಕ್ಕೇ ಹಾಗೆ ಕೊಯ್ದಿದ್ದು. ಗುಂಡನೆಯ ತೂತಿಗೆ ಗುಂಡನೆಯ ತುಂಡು, ಹೇಗಿಟ್ಟರೂ ಕೂರುತ್ತದೆ. ಮೇಷ್ಟ್ರು ಇಟ್ಟು, ಮುಗಿಯಿತು ಅಂತ ಮೇಲೆದ್ದರು. “ಅಡ್ಡ!” ಅಂತ ಕೆಳಗಿನಿಂದ ಕೂಗು. ತಿರುಗಿಸಿದರು. ಅಷ್ಟು ಹೊತ್ತು ಕಾಣದಿದ್ದ ಒಂದು ತೆಳು ಮೋಡದ ಎಳೆ ಪಕ್ಕದ ತುಂಡಿಗೆ ನೇರವಾಗಿ ಸೇರಿಕೊಂಡಿತು. ಇಂಥ ಎಳೆಗೋಸ್ಕರವೇ ನಾನು ಈ ಕೆಲಸ ಮಾಡುವುದು, ಸ್ವಾಮಿ!

ಕತೆಯಲ್ಲೇ ಸಮಯ ಹೋಯಿತು. ಉಳಿದದ್ದು ಬೇಗ ಬೇಗ ಹೇಳುತ್ತೇನೆ. ತುಂಡನ್ನು ಓರೆಯಾಗಿ ತುರುಕಬೇಡಿ, ಮೇಲಿನಿಂದ ನೇರ ಇಳಿಸಿ. ಗರಗಸದ ಬ್ಲೇಡು ಅರ್ಧ ಮಿಲಿಮೀಟರಿಗಿಂತ ತೆಳು, ಸಂದಿ ಅಷ್ಟೇ ಇರುವುದು. ತೇವದ ಜಾಗದಲ್ಲಿ ಇಡಬೇಡಿ, ಮರ ಉಬ್ಬಿ ಬಿಗಿಯಾಗುತ್ತದೆ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಂದ ದೂರವಿಡಿ. ಎಲ್ಲೂ ಕೂಡದ ತುಂಡು ಸಿಕ್ಕರೆ ಕೊಯ್ದವರನ್ನು ಬೈಯಬೇಡಿ, ಮಗುಚಿ ನೋಡಿ.

ತುಂಡು ಕಳೆದುಹೋದರೂ ಚಿಂತೆಯಿಲ್ಲ. ಖಾಲಿ ಜಾಗದ ಅಂಚನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಹೊಸದು ಕೊಯ್ಯಬಹುದು. ಕೊಯ್ಯುವವರಿಗೆ ಅಕ್ಕಪಕ್ಕದ ತುಂಡುಗಳನ್ನೇ ಕಳಿಸಿಕೊಡಿ. ದಯವಿಟ್ಟು ಫೋಟೋ ಕಳಿಸಬೇಡಿ. ಫೋಟೋದಲ್ಲಿ ಹಿಂಬದಿ ಕಾಣುವುದಿಲ್ಲ.

ನಮಸ್ಕಾರ.